ಬಾವಿಯ ಸೂರು

ನೀರಿಗೆ ಯಾಕಮ್ಮ ಸೂರು?
ಮಳೆ ಬಿದ್ದರೂ ನೀರಿಗೆ ನೀರೇ ತಾನೆ,
ಎಂದೆ ಮೊದಲ ದಿನ, ಏಣಿಯ ಮೇಲಿಂದ.
ಕೆಳಗೆ ಬಟಾಣಿ ಸುಲಿಯುತ್ತಿದ್ದ
ಮುದುಕಿ ಲೆಯೊಂತೀನ್ ತಲೆಯೆತ್ತಲಿಲ್ಲ.
"ಹೊದಿಸಲು ಕರೆಸಿದ್ದು ನಿನ್ನನ್ನು. ಹೊದಿಸು."

ವೆರ್ನಸಾಕ್ ಅಂದರೆ ಹದಿನಾಲ್ಕು ಹೊಗೆಗೂಡು,
ಹೊಗೆ ಕಾಣುವುದು ಐದರಲ್ಲಿ.
ಸುಣ್ಣಗಲ್ಲಿನ ಸೀಮೆ. ಬಿದ್ದ ಮಳೆಯನ್ನೆಲ್ಲ
ನೆಲ ಅಲ್ಲೇ ನುಂಗಿ, ಕೇಳಿದರೆ
ಬಾಯಿ ಒರೆಸಿಕೊಂಡು ಸುಮ್ಮನಿರುತ್ತದೆ.
ಹೊಳೆ ಹರಿಯುವುದು ಕಾಲಡಿಯಲ್ಲಿ, ಕಾಣದಂತೆ.
ಅದಕ್ಕೇ ಈ ಬಾವಿ: ಎಪ್ಪತ್ತು ಮೊಳ ಆಳ,
ಸುತ್ತ ಆಳೆತ್ತರದ ದುಂಡು ಗೋಡೆ,
ಓಕ್ ಮರದ ಗಿಡ್ಡ ಬಾಗಿಲು, ಬಾಗಿಲಿಗೆ ಬೀಗ,
ತಲೆಯ ಮೇಲೆ ಚಪ್ಪಟೆ ಕಲ್ಲಿನ ಟೋಪಿ.
ಮೊಳೆಯಿಲ್ಲ, ಗಾರೆಯಿಲ್ಲ.
ಒಂದರ ಹೆಗಲ ಮೇಲೆ ಒಂದು ಕೂತು
ಭಾರವೇ ಬಂಧವಾದ ಸಂಸಾರ.

ಬಿಚ್ಚುತ್ತ ಹೋದೆ. ಎಳೆಗರುವಿನ ತೂಕ ಒಂದೊಂದೂ.
ಸಂದಿಯಲ್ಲಿ ಬಸವನಹುಳುವಿನ ಚಿಪ್ಪು,
ಇಲಿ ಬಚ್ಚಿಟ್ಟು ಮರೆತ ಆಕ್ರೋಟು,
ಯಾವ ಕಾಲದ್ದೋ ಅಂಗಿಯ ಗುಂಡಿ.
ಐದನೆಯ ದಿನ ಬೆಳಕು ಬಾವಿಗಿಳಿಯಿತು.
ತಳದಲ್ಲಿ ನಾಣ್ಯದಷ್ಟು ಆಕಾಶ,
ಅದರಲ್ಲಿ ನನ್ನ ತಲೆ, ಸಾಸಿವೆಯಷ್ಟು.

ಆರನೆಯ ದಿನ ಸಿಕ್ಕಿತು ಆ ಕಲ್ಲು.
ಒಳಮೈಯಲ್ಲಿ ಗೀರು: ನಾಲ್ಕು ನಿಂತವು, ಒಂದು ಅಡ್ಡ,
ನಾಲ್ಕು ನಿಂತವು, ಒಂದು ಅಡ್ಡ,
ಕೊನೆಗೊಂದು ಒಂಟಿ. ಒಟ್ಟು ನಲವತ್ತೊಂದು.
ಬಾವಿಗೆ ಬಂದವರೆಲ್ಲ ಬಗ್ಗಿ ನೋಡುವವರು;
ಮೇಲೆ ನೋಡಿ ಬರೆದವರು ಯಾರು?

ಲೆಯೊಂತೀನ್ ಕನ್ನಡಕ ತಂದಳು, ಬೆರಳಾಡಿಸಿದಳು.
"ಅಜ್ಜಿಯ ಕಾಲದ ಬರ. ಮನೆಗೆ ದಿನಕ್ಕೆರಡು ಬಕೆಟ್ಟು.
ಬೀಗದ ಕೈ ಇಗರ್ಜಿಯ ಗಂಟೆ ಹೊಡೆಯುವ
ಬಾರ್ನಬೆಯ ಸೊಂಟದಲ್ಲಿ.
ಅವನಿಗೆ ನಿದ್ದೆ ಜಾಸ್ತಿ. ಹೆಂಡತಿಗೆ ಕಡಿಮೆ."
"ಹಾಗಾದರೆ ಇದು ಕೊಟ್ಟ ನೀರಿನ ಲೆಕ್ಕವೇ?"
"ಕೊಟ್ಟದ್ದನ್ನು ಯಾರು ಮರೆಯಲ್ಲಿ ಬರೆದಾರು, ಹುಚ್ಚಪ್ಪ!
ಕದ್ದದ್ದು. ಯಾರ ಮನೆಗೋ.
ತೀರಿಸಬೇಕು ಅಂದುಕೊಂಡಿರಬೇಕು, ಪಾಪ,
ಯಾರಿಗೆ ಅಂತ ತಿಳಿಯದೆ."

ನಲ್ಲಿ ಬಂದ ವರ್ಷ ಬಾಗಿಲು ಮುಚ್ಚಿದರಂತೆ.
ಮೇಯರನ ಭಾಷಣ, ಎಲ್ಲರಿಗೂ ವೈನು.
ಮರುದಿನ ನಸುಕಿಗೇ ಬೀಗ ತೆರೆದಿತ್ತು:
ನಲ್ಲಿನೀರಿನ ಕಾಫಿಗೆ ಆಸ್ಪತ್ರೆಯ ವಾಸನೆ.
ಅಂದಿನಿಂದ ಬೀಗದ ಕೈ ಎಲ್ಲಿದೆಯೆಂದು
ಊರಿಗೆಲ್ಲ ಗೊತ್ತು,
ಪಂಚಾಯಿತಿಗೆ ಮಾತ್ರ ಗೊತ್ತಿಲ್ಲ.

ಪಂಚಾಯಿತಿಯ ಮದಾಮ್ ಗೂತಾಲ್ ಬಂದಳು, ಫೋಟೋ ತೆಗೆದಳು.
"ಗೀರು ಹೊರಗೆ ಕಾಣಲಿ. ಪಕ್ಕದಲ್ಲೊಂದು ಫಲಕ.
ಬೇಸಿಗೆಯ ಪ್ರವಾಸಿಗಳು ನಿಂತು ನೋಡುತ್ತಾರೆ."
ಹೂಂ ಎಂದೆ. ಕಾರು ತಿರುವು ದಾಟಿತು.
ಎಲ್ಲಿತ್ತೋ ಅಲ್ಲೇ, ಹೇಗಿತ್ತೋ ಹಾಗೇ
ಮುಖ ಕೆಳಗೆ ಮಾಡಿ ಕೂರಿಸಿದೆ.
ಕೇಳಿದರೆ ಹೇಳುವೆ: ಮಗುಚಿದರೆ ಸೋರುತ್ತದೆ.
ಅರ್ಧ ನಿಜ.

ಹನ್ನೊಂದನೆಯ ಸಂಜೆ ನೆತ್ತಿಯ ಕಲ್ಲು.
ಇಡುವ ಮುನ್ನ ಇಣುಕಿದೆ. ನಾಣ್ಯ ಇನ್ನೂ ಅಲ್ಲೇ;
ಕವಲುತೋಕೆಯ ಹಕ್ಕಿಯೊಂದು ಅದನ್ನು ದಾಟಿತು.
ಇಟ್ಟೆ. ಒಳಗೆ ಆಕಾಶ ಆರಿತು.

"ಕೇಳಿದೆಯಲ್ಲ," ಎಂದಳು ಲೆಯೊಂತೀನ್,
ಹತ್ತು ದಿನ ತಡವಾಗಿ. "ಆ ಆಕ್ರೋಟಿನ ಮರ ನೋಡು.
ಅದರ ಎಲೆ ಬಿದ್ದರೆ ನೀರು ಕಪ್ಪು, ಕಹಿ. ಅಷ್ಟೇ.
ಮರ ಕಡಿಯಬಹುದಿತ್ತು.
ಯಾರಿಗೂ ಮನಸ್ಸಾಗಲಿಲ್ಲ."

ಬಿಲ್ಲು ಬರೆದೆ ಅವಳ ಅಡುಗೆಮನೆಯ ಮೇಜಿನ ಮೇಲೆ:
ಹಳೆಯ ಕಲ್ಲು ನೂರ ಮೂವತ್ತಾರು, ಹೊಸದು ಒಂಬತ್ತು,
ಹನ್ನೊಂದು ದಿನದ ಕೂಲಿ.
ದಿನಕ್ಕೊಂದು ಬಕೆಟ್ಟಿನಂತೆ ಸೇದಿ ಕುಡಿದ ನೀರನ್ನು
ಬಿಲ್ಲಿನಲ್ಲಿ ಬರೆಯಲಿಲ್ಲ.